ಕೊನೆಯ ವರ್ಷದ ದಾರಿ: ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಸೀಮೆಯ ಪ್ರೌಢಶಾಲೆ ಮತ್ತು ಪ್ರವಾಸ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ತುಂಗೆ ಮತ್ತು ಭದ್ರೆಯರ ಕಣಿವೆಗಳಲ್ಲಿ ಹರಡಿಕೊಂಡಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಾಮಾಜಿಕ ಚರಿತ್ರೆಯಲ್ಲಿ ಹತ್ತನೆಯ ತರಗತಿಗೆ ಇರುವ ಸ್ಥಾನವನ್ನು ಇದುವರೆಗೆ ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಊರಿನಲ್ಲಿಯೇ ಉಳಿದು ತೋಟ, ಗದ್ದೆ, ಕೂಲಿ ನೋಡಿಕೊಳ್ಳುವವರು ಮತ್ತು ಊರು ಬಿಟ್ಟು ಶಿವಮೊಗ್ಗ, ಮೈಸೂರು, ಬೆಂಗಳೂರುಗಳ ಕಡೆಗೆ ಹೊರಡುವವರು ಎಂದು ಒಂದು ತಲೆಮಾರು ಬೇರೆ ಬೇರೆಯಾಗುತ್ತಿದ್ದುದು ಈ ವರ್ಷದಲ್ಲಿ. ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್, ಅಂದರೆ ಪ್ರೌಢಶಾಲೆಯನ್ನು ಮುಗಿಸಿದ ಪ್ರಮಾಣಪತ್ರ, ಎಂಬುದರ ಮೊದಲಕ್ಷರಗಳಾದ ಎಸ್ಸೆಸ್ಸೆಲ್ಸಿ ಎಂಬ ಹೆಸರು ಈ ಭಾಗದ ಮನೆಮಾತಿನಲ್ಲಿ ಪರೀಕ್ಷೆ, ತರಗತಿ, ವಯಸ್ಸು ಮೂರನ್ನೂ ಒಟ್ಟಿಗೆ ಸೂಚಿಸುತ್ತದೆ. ಅದೇ ವರ್ಷದ ಚಳಿಗಾಲದಲ್ಲಿ ಶಾಲೆಯ ವತಿಯಿಂದ ನಡೆಯುವ ಶೈಕ್ಷಣಿಕ ಪ್ರವಾಸವು ಮೇಲ್ನೋಟಕ್ಕೆ ಒಂದು ಮನರಂಜನೆಯಾಗಿ ಕಂಡರೂ, ಈ ಸೀಮೆಯ ರಸ್ತೆ, ಮಳೆ, ಅಡಿಕೆ ಮತ್ತು ದೇವಸ್ಥಾನಗಳ ಚರಿತ್ರೆಯೊಂದಿಗೆ ಗಟ್ಟಿಯಾಗಿ ಹೆಣೆದುಕೊಂಡಿದೆ.

ಪ್ರವಾಸವೆಂಬ ಪದ್ಧತಿ ಇಲ್ಲಿ ಬೇರೂರಿದ ಬಗೆಯನ್ನು ತಿಳಿಯಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿಯನ್ನು ನೋಡಬೇಕಾಗುತ್ತದೆ, ಏಕೆಂದರೆ ಪ್ರೌಢಶಾಲೆ ಊರಿಗೆ ಬರುವ ಮೊದಲು ವಿದ್ಯಾಭ್ಯಾಸವೇ ಒಂದು ದೂರ ಪ್ರಯಾಣವಾಗಿತ್ತು. 1947ರವರೆಗೆ ಕಡೂರು ಜಿಲ್ಲೆ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯ ಮಲೆನಾಡು ಭಾಗದಲ್ಲಿ ಬಯಲುಸೀಮೆಯಂತೆ ಒತ್ತಾಗಿ ಕಟ್ಟಿಕೊಂಡ ಊರುಗಳು ಕಡಿಮೆ. ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ, ನಡುವೆ ಕಾಡು, ಹಳ್ಳ, ಗದ್ದೆಯ ಕೋಗು, ಅಂದರೆ ಕಣಿವೆಯ ಕಿರಿದಾದ ಗದ್ದೆಸಾಲು, ಎಂಬ ವ್ಯವಸ್ಥೆಯನ್ನು ಇಲ್ಲಿನವರು ಒಂಟಿಮನೆ ಎಂದು ಕರೆಯುತ್ತಾರೆ. ಹಳ್ಳಗಳನ್ನು ದಾಟಲು ಮರದ ದಿಮ್ಮಿಗಳನ್ನು ಅಡ್ಡ ಹಾಕಿ ಮಾಡಿದ ಕಾಲುಸಂಕಗಳು ಮಳೆಗಾಲದಲ್ಲಿ ಕೊಚ್ಚಿಹೋದರೆ ಆ ಮನೆಯ ಮಕ್ಕಳಿಗೆ ಶಾಲೆ ಅಷ್ಟು ದಿನ ಇಲ್ಲವೆಂದೇ ಅರ್ಥ. ಚಳಿಜ್ವರದ ಕಾಟದಿಂದ ಜನಸಂಖ್ಯೆಯೇ ಕುಗ್ಗುತ್ತಿದ್ದ ಈ ಪ್ರದೇಶಕ್ಕಾಗಿ ಮೈಸೂರು ಸಂಸ್ಥಾನವು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮಲೆನಾಡು ಸುಧಾರಣೆಯ ಯೋಜನೆಯನ್ನೇ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಯಿತು. 1913ರಲ್ಲಿ ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಕಡ್ಡಾಯಕ್ಕೆ ಕಾನೂನು ಮಾಡಿತಾದರೂ, ಒಂಟಿಮನೆಗಳ ನಾಡಿನಲ್ಲಿ ಅದರ ಫಲ ಕಾಣಲು ದಶಕಗಳೇ ಹಿಡಿದವು.

ಶೃಂಗೇರಿಯಲ್ಲಿ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು 19ನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಸದ್ವಿದ್ಯಾ ಸಂಜೀವಿನೀ ಪಾಠಶಾಲೆಯು ಸಂಸ್ಕೃತ ಶಾಸ್ತ್ರಗಳ ಅಧ್ಯಯನಕ್ಕೆ ದೂರದ ಪ್ರಾಂತಗಳಿಂದಲೂ ವಿದ್ಯಾರ್ಥಿಗಳನ್ನು ಸೆಳೆಯುತ್ತಿತ್ತು. ಆದರೆ ಸರ್ಕಾರಿ ನೌಕರಿಗೂ ಕಾಲೇಜಿಗೂ ದಾರಿಯಾದ ಇಂಗ್ಲಿಷ್ ವಿದ್ಯೆಗಾಗಿ ಮಲೆನಾಡಿನ ಹುಡುಗರು ಮನೆ ಬಿಡಲೇಬೇಕಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಬಾಲ್ಯ ಇದಕ್ಕೆ ಒಳ್ಳೆಯ ನಿದರ್ಶನ. ಅವರು ತೀರ್ಥಹಳ್ಳಿಯ ಎ.ವಿ. ಶಾಲೆಯಲ್ಲಿ, ಅಂದರೆ ಕನ್ನಡದೊಂದಿಗೆ ಇಂಗ್ಲಿಷನ್ನೂ ಕಲಿಸುತ್ತಿದ್ದ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಓದಿ, ಮುಂದೆ ಪ್ರೌಢಶಾಲೆಗಾಗಿ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಬೇಕಾಯಿತು. ತಮ್ಮ ಆತ್ಮಕಥನವಾದ ‘ನೆನಪಿನ ದೋಣಿಯಲ್ಲಿ’ ಕೃತಿಯಲ್ಲಿ ಅವರು ಈ ಕಾಲವನ್ನು ವಿಸ್ತಾರವಾಗಿ ದಾಖಲಿಸಿರುವುದರಿಂದ, ಮಲೆನಾಡಿನ ವಿದ್ಯಾರ್ಥಿಜೀವನದ ಚರಿತ್ರೆಗೆ ಅದೊಂದು ಆಕರಗ್ರಂಥವೂ ಆಗಿದೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಿದ್ದರಿಂದ, ಗಾಡಿಯಲ್ಲೋ ಬಸ್ಸಿನಲ್ಲೋ ಶಿವಮೊಗ್ಗ ತಲುಪಿದ ಹುಡುಗನಿಗೆ ಅಲ್ಲಿಂದಾಚೆಯ ಲೋಕ ರೈಲಿನ ಕಿಟಕಿಯಲ್ಲಿ ತೆರೆದುಕೊಳ್ಳುತ್ತಿತ್ತು. ಅಂಥ ವಿದ್ಯಾರ್ಥಿಗೆ ಜಗತ್ತನ್ನು ತೋರಿಸಲು ಬೇರೆ ಪ್ರವಾಸದ ಅಗತ್ಯವೇ ಇರಲಿಲ್ಲ. ಆ ಅವಕಾಶ ದೊರೆಯುತ್ತಿದ್ದುದು ಕೆಲವೇ ಅನುಕೂಲಸ್ಥ ಮನೆಗಳ ಗಂಡುಮಕ್ಕಳಿಗೆ ಎಂಬುದನ್ನು ಇದರ ಜೊತೆಗೇ ಹೇಳಬೇಕು.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಈ ಚಿತ್ರ ಬದಲಾಯಿತು. ಮೊದಲು ತಾಲ್ಲೂಕು ಕೇಂದ್ರಗಳಲ್ಲಿ, ಅನಂತರ ಹರಿಹರಪುರ, ಜಯಪುರ, ಬಾಳೆಹೊನ್ನೂರಿನಂತಹ ಹೋಬಳಿ ಮಟ್ಟದ ಊರುಗಳಲ್ಲಿ ಪ್ರೌಢಶಾಲೆಗಳು ಬಂದವು. ಸರ್ಕಾರದ ಶಾಲೆಗಳ ಜೊತೆಗೆ ಮಠಗಳೂ ಸ್ಥಳೀಯ ವಿದ್ಯಾಸಂಸ್ಥೆಗಳೂ ಈ ಕೆಲಸದಲ್ಲಿ ಕೈಜೋಡಿಸಿದವು. 1966ರಲ್ಲಿ ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಣೆ ಹೊತ್ತಿತು. ಶಾಲೆಗಳು ಬಂದ ಮಾತ್ರಕ್ಕೆ ಮಕ್ಕಳು ಬಂದುಬಿಡಲಿಲ್ಲ; ಅದಕ್ಕೆ ಭೂಮಿಯ ಪ್ರಶ್ನೆ ಅಡ್ಡ ನಿಂತಿತ್ತು. ಗೇಣಿಗೆ, ಅಂದರೆ ಬೆಳೆಯ ಪಾಲನ್ನು ಒಡೆಯನಿಗೆ ಅಳೆಯುವ ಕರಾರಿನ ಮೇಲೆ, ಗದ್ದೆ ಮಾಡುತ್ತಿದ್ದ ಮನೆಗಳಿಗೆ ಮಗನ ಎರಡು ಕೈಗಳು ಪುಸ್ತಕಕ್ಕಿಂತ ಹೆಚ್ಚು ಬೇಕಾಗಿದ್ದವು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನಿಗೆ ನೆಲದ ಹಕ್ಕು ಸಿಕ್ಕಿದ ಮೇಲೆ, ಜೊತೆಗೆ ಪರಿಶಿಷ್ಟರ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ತೆರೆದ ಮೇಲೆ, ಓದುವವರ ಮನೆತನ ಎಂಬ ಹಣೆಪಟ್ಟಿ ಇಲ್ಲದ ಮನೆಗಳ ಮಕ್ಕಳು ಹತ್ತನೆಯ ತರಗತಿಯ ಬೆಂಚಿನಲ್ಲಿ ಕಾಣಿಸಿಕೊಂಡರು. ಮಲೆನಾಡಿನ ಪ್ರೌಢಶಾಲೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಈ ಮೂರೂ ತಾಲ್ಲೂಕುಗಳನ್ನು ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ, ಕೊಪ್ಪದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಸಚಿವರಾಗಿ ಶಿಕ್ಷಕರ ನೇಮಕಾತಿಯನ್ನು ಅಂಕಗಳ ಅರ್ಹತೆಯ ಆಧಾರದ ಮೇಲೆ ಪಾರದರ್ಶಕವಾಗಿ ನಡೆಸಿದ್ದನ್ನು ನಾಡು ಇಂದಿಗೂ ಗೌರವದಿಂದ ನೆನೆಯುತ್ತದೆ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಗೆ ಬಡವರ ಮನೆಯಲ್ಲಿ ಬೆಲೆ ಬರಲು ಇಂಥ ನೇಮಕಾತಿಗಳೂ ಕಾರಣವಾದವು.

ಮೇಷ್ಟರು ಹುಟ್ಟೂರಿನ ಹತ್ತಿರವೇ ಸಿಕ್ಕಿದ್ದರಿಂದ ಹುಡುಗ ಹುಡುಗಿಯರು ದಿನವೂ ಸಂಜೆ ಮನೆಗೆ ಮರಳುವಂತಾಯಿತು. ಆದರೆ ಹಿಂದಿನವರಿಗೆ ವಿದ್ಯೆಯ ಜೊತೆಗೆ ತಾನಾಗಿಯೇ ಸಿಗುತ್ತಿದ್ದ ದೇಶಾಟನೆ ಇವರಿಗೆ ತಪ್ಪಿಹೋಯಿತು. ಹದಿನಾರು ವರ್ಷದವರೆಗೆ ರೈಲನ್ನಾಗಲೀ ಸಮುದ್ರವನ್ನಾಗಲೀ ಕಾಣದ ವಿದ್ಯಾರ್ಥಿ ಪಠ್ಯಪುಸ್ತಕದಲ್ಲಿ ಗೋಲಗುಮ್ಮಟವನ್ನು ಓದಿ ಉರು ಹೊಡೆಯುವ ಸ್ಥಿತಿ ಬಂದಾಗ, ಅದನ್ನು ತುಂಬಿಕೊಡುವ ಕೆಲಸವನ್ನು ಶಾಲಾ ಪ್ರವಾಸ ವಹಿಸಿಕೊಂಡಿತು.

ಪ್ರವಾಸದ ಕಾಲವನ್ನು ನಿರ್ಧರಿಸುತ್ತಿದ್ದುದು ಮಳೆ ಮತ್ತು ಅಡಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮಕ್ಕಳು ಶಾಲೆ ತಲುಪುವುದೇ ಸಾಹಸವಾಗಿದ್ದುದರಿಂದ, ದಸರಾ ರಜೆ ಕಳೆದು ರಸ್ತೆಗಳು ಒಣಗಿದ ಮೇಲೆಯೇ ದೂರದ ಮಾತು ಏಳುತ್ತಿತ್ತು. ಫೆಬ್ರುವರಿಯಿಂದಾಚೆ ಪೂರ್ವಸಿದ್ಧತಾ ಪರೀಕ್ಷೆಗಳ ಭರಾಟೆ. ಹಾಗಾಗಿ ನವೆಂಬರ್‌ನಿಂದ ಜನವರಿಯವರೆಗಿನ ಅವಧಿಯೊಂದೇ ಉಳಿಯುತ್ತಿತ್ತು. ಅದೇ ಅಡಿಕೆ ಕೊಯ್ಲಿನ, ಕಾಫಿ ಹಣ್ಣು ಬಿಡಿಸುವ ಕಾಲವೂ ಹೌದು. ತೋಟದ ಮನೆಗಳಲ್ಲಿ ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ ನಡೆಯುತ್ತಿದ್ದು, ಮಣೆಗೆ ನೆಟ್ಟಿರುವ ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕುಳಿತು ಸಿಪ್ಪೆ ಬಿಡಿಸುವವರಲ್ಲಿ ಪ್ರೌಢಶಾಲೆಯ ಮಕ್ಕಳೂ ಇರುತ್ತಿದ್ದರು. ಸುಲಿದಷ್ಟಕ್ಕೆ ಅಳತೆಯ ಲೆಕ್ಕದಲ್ಲಿ ಸಿಗುವ ಕೂಲಿ ಎಷ್ಟೋ ಮನೆಗಳಲ್ಲಿ ಪ್ರವಾಸದ ಹಣವಾಗಿ ಪರಿವರ್ತನೆಯಾಗುತ್ತಿತ್ತು. ತೊಗರು ಹತ್ತಿ ಕಪ್ಪಾದ ಬೆರಳುಗಳಲ್ಲಿಯೇ ಮಕ್ಕಳು ತರಗತಿಯ ಶಿಕ್ಷಕರ ಮುಂದೆ ಕಂತಿನ ಹಣ ಎಣಿಸಿ ಇಡುತ್ತಿದ್ದರು. ತೋಟವಿದ್ದವರಿಗೆ ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತು ಇದಾಗಿದ್ದರೆ, ತೋಟವಿಲ್ಲದವರಿಗೆ ಕೂಲಿ ಧಾರಾಳವಾಗಿ ಸಿಗುವ ಹೊತ್ತೂ ಇದಾಗಿತ್ತು; ಎರಡೂ ಕಡೆಯ ಮಕ್ಕಳು ಒಂದೇ ಬಸ್ಸು ಹತ್ತಲು ಸಾಧ್ಯವಾದದ್ದು ಕೊಯ್ಲಿನ ಈ ಕಾಲಮಾನದಿಂದ. ಆದರೂ ಪ್ರತಿ ತರಗತಿಯಲ್ಲಿಯೂ ಹಣವಿಲ್ಲದೆ ಹಿಂದುಳಿಯುವವರು ಇದ್ದೇ ಇರುತ್ತಿದ್ದರು, ಮತ್ತು ಅವರಲ್ಲಿ ಒಬ್ಬಿಬ್ಬರ ಪಾಲನ್ನು ಶಿಕ್ಷಕರೇ ಸದ್ದಿಲ್ಲದೆ ಭರಿಸುವ ರೂಢಿ ಈ ಸೀಮೆಯ ಶಾಲೆಗಳಲ್ಲಿ ಇತ್ತು.

ದಾರಿಯ ಆಯ್ಕೆಗೂ ಒಂದು ತರ್ಕವಿತ್ತು. ಘಟ್ಟದ ಕೆಳಗಿನ ದಾರಿ ಹಿಡಿದರೆ ಆಗುಂಬೆಯಿಂದಲೋ, ಶೃಂಗೇರಿ, ಕೆರೆಕಟ್ಟೆಗಳ ಮೂಲಕ ಹಳೆಯ ದಕ್ಷಿಣ ಕನ್ನಡದ ಗಡಿಯನ್ನು ಸೂಚಿಸುವ ಎಸ್.ಕೆ. ಬಾರ್ಡರ್ ದಾಟಿಯೋ ಕಾರ್ಕಳಕ್ಕೆ ಇಳಿದು, 1432ರಲ್ಲಿ ನಿಂತ ಗೊಮ್ಮಟನನ್ನು ನೋಡಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಧರ್ಮಸ್ಥಳ, ಉಡುಪಿಗಳನ್ನು ಮುಗಿಸಿ ಮಲ್ಪೆಯ ಕಡಲ ದಡಕ್ಕೆ ಬರುವುದು. ಉತ್ತರಕ್ಕೆ ಹೊರಟರೆ ಸಾಗರದ ಮಾರ್ಗವಾಗಿ ಜೋಗ. ಪೂರ್ವಕ್ಕೆ ಹೊರಟರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ, ಹಳೇಬೀಡು, ಶ್ರವಣಬೆಳಗೊಳ, ಅಲ್ಲಿಂದ ಮೈಸೂರಿನ ಅರಮನೆ, ಮೃಗಾಲಯ ಮತ್ತು ಸಂಜೆಯ ದೀಪಗಳ ಹೊತ್ತಿಗೆ ಕೃಷ್ಣರಾಜಸಾಗರದ ಬೃಂದಾವನ. ನಾಲ್ಕೈದು ದಿನಗಳ ಧೈರ್ಯವಿದ್ದ ಶಾಲೆಗಳು ಹಂಪಿ, ಬಾದಾಮಿ, ಪಟ್ಟದಕಲ್ಲು, ವಿಜಯಪುರಗಳವರೆಗೆ ಹೋಗುತ್ತಿದ್ದವು. ಇವುಗಳಲ್ಲಿ ಜೋಗದ ವಿಷಯದಲ್ಲಿ ಒಂದು ವಿಷಾದ ಸದಾ ಉಳಿಯಿತು: 253 ಮೀಟರ್ ಎತ್ತರದಿಂದ ಶರಾವತಿ ತುಂಬಿ ಧುಮುಕುವ ಮಳೆಗಾಲದಲ್ಲಿ ಮಲೆನಾಡಿನ ಶಾಲೆ ಹೊರಡಲಾರದು, ಶಾಲೆ ಹೊರಡುವ ಚಳಿಗಾಲದಲ್ಲಿ, ಅದರಲ್ಲೂ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಜೋಗದ ನಾಲ್ಕು ಧಾರೆಗಳು ಬಂಡೆಯ ಮೇಲಿನ ಬಿಳಿ ಗೆರೆಗಳಾಗಿರುತ್ತಿದ್ದವು.

ಈ ಮಾರ್ಗಗಳನ್ನು ಭೂಪಟದ ಮೇಲೆ ಗುರುತಿಸಿ ನೋಡಿದರೆ, ಪಠ್ಯಪುಸ್ತಕದ ಸ್ಥಳಗಳ ನಡುವೆ ದೇವಸ್ಥಾನಗಳು ಸರಿಯಾಗಿ ಊಟದ ಹೊತ್ತಿಗೆ ಬರುವಂತೆ ಜೋಡಣೆಯಾಗಿರುವುದು ಕಂಡುಬರುತ್ತದೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಉಡುಪಿ ಮುಂತಾದ ಕ್ಷೇತ್ರಗಳಲ್ಲಿ ಬಂದವರಿಗೆಲ್ಲ ಉಚಿತವಾಗಿ ಊಟ ಹಾಕುವ ಅನ್ನದಾನದ ಪರಂಪರೆ ಇದೆ. ಯಾತ್ರಿಕರಿಗಾಗಿ ಕಟ್ಟಿಸಿದ ಛತ್ರಗಳಲ್ಲಿ ಕಡಿಮೆ ಖರ್ಚಿನಲ್ಲಿ ತಂಗುವ ಅನುಕೂಲವೂ ಇದೆ. ಬಡ ಶಾಲೆಯೊಂದು ಐವತ್ತು ಮಕ್ಕಳಿಗೆ ಎರಡು ರಾತ್ರಿ ಆಶ್ರಯ, ಆರು ಹೊತ್ತು ಊಟ ಒದಗಿಸಬೇಕಾದರೆ ಹಳೆಯ ತೀರ್ಥಯಾತ್ರೆಯ ಈ ವ್ಯವಸ್ಥೆಯನ್ನೇ ನೆಚ್ಚಬೇಕಿತ್ತು. ಆಧುನಿಕ ಶಿಕ್ಷಣಶಾಸ್ತ್ರದ ಹೆಸರಿನಲ್ಲಿ ನಡೆದ ಪ್ರವಾಸವನ್ನು ಶತಮಾನಗಳ ಹಿಂದಿನ ಯಾತ್ರೆಯ ಪದ್ಧತಿ ಹೊತ್ತು ನಡೆಸಿತು ಎಂಬುದು ಈ ಚರಿತ್ರೆಯ ಅತ್ಯಂತ ಗಮನಾರ್ಹ ಅಂಶ. ಎಲ್ಲಿ ಅನ್ನಕ್ಷೇತ್ರ ಇಲ್ಲವೋ ಅಲ್ಲಿಗೆ ಬುತ್ತಿ. ಮೊದಲ ದಿನದ ಬೆಳಗಿಗೆ ಅಕ್ಕಿ ರೊಟ್ಟಿ, ಮಧ್ಯಾಹ್ನಕ್ಕೆ ಕೆಡದ ಪುಳಿಯೋಗರೆ, ಚಿತ್ರಾನ್ನ, ದಾರಿಗೆ ಚಕ್ಕುಲಿ, ಕೋಡುಬಳೆ, ಘಟ್ಟದ ತಿರುವುಗಳಲ್ಲಿ ವಾಂತಿ ತಡೆಯಲು ಮೂಸಿ ನೋಡುವ ನಿಂಬೆಹಣ್ಣು. ಕೆಲವು ಶಾಲೆಗಳು ಪಾತ್ರೆ, ಅಕ್ಕಿ, ಸೌದೆಗಳನ್ನು ಬಸ್ಸಿನ ಮೇಲೆ ಕಟ್ಟಿಸಿ, ಅಡುಗೆಯವರನ್ನೂ ಜೊತೆಗೆ ಕರೆದೊಯ್ದು, ನದಿ ದಂಡೆಯಲ್ಲೋ ಯಾವುದಾದರೂ ಶಾಲೆಯ ಅಂಗಳದಲ್ಲೋ ಅಡುಗೆ ಮಾಡಿಸುತ್ತಿದ್ದುದೂ ಉಂಟು. ಮಕ್ಕಳು ಶಿಕ್ಷಕರನ್ನು ಲುಂಗಿ, ಮಫ್ಲರ್‌ಗಳಲ್ಲಿ ಮೊದಲ ಸಲ ಕಾಣುತ್ತಿದ್ದುದು ಇಂಥ ಕಡೆಗಳಲ್ಲಿ. ಬೆತ್ತ ಹಿಡಿದ ಗಣಿತದ ಮೇಷ್ಟರು ಅನ್ನ ಬಡಿಸಲು ನಿಂತಾಗ ತರಗತಿಯೊಳಗಿನ ಭಯಕ್ಕೂ ಗೌರವಕ್ಕೂ ಒಂದು ಹೊಸ ಬಣ್ಣ ಬರುತ್ತಿತ್ತು.

ಹೆಣ್ಣುಮಕ್ಕಳ ಪಾಲಿಗೆ ಪ್ರವಾಸದ ಅನುಮತಿ ಒಂದು ದೊಡ್ಡ ಪ್ರಶ್ನೆಯೇ ಆಗಿತ್ತು. ಏಳನೆಯ ತರಗತಿಗೇ ಶಾಲೆ ಬಿಡಿಸುತ್ತಿದ್ದ ಮನೆಗಳಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಮೊದಲ ಹುಡುಗಿ ಎರಡು ರಾತ್ರಿ ಹೊರಗೆ ಕಳೆಯುವುದೆಂದರೆ, ಅಜ್ಜಿಯಿಂದ ಹಿಡಿದು ದೊಡ್ಡಪ್ಪನವರೆಗೆ ಎಲ್ಲರ ಒಪ್ಪಿಗೆ ಬೇಕಾಗುತ್ತಿತ್ತು. ಶಾಲೆಗೆ ಶಿಕ್ಷಕಿಯೊಬ್ಬರು ಇದ್ದು ಅವರು ಜೊತೆಯಲ್ಲಿ ಬರುವುದಾಗಿ ಮಾತು ಕೊಟ್ಟರೆ ಮಾತ್ರ ಮನೆಯ ಬಾಗಿಲು ತೆರೆಯುತ್ತಿತ್ತು. ಇದಕ್ಕಾಗಿ ಮನೆ ಮನೆಗೆ ನಡೆದು ಹೋಗಿ ತಾಯಂದಿರನ್ನು ಒಪ್ಪಿಸಿದ ಶಿಕ್ಷಕಿಯರ ಶ್ರಮ ಯಾವ ದಾಖಲೆಯಲ್ಲಿಯೂ ಸೇರಿಲ್ಲ. ಆ ಹುಡುಗಿಯರಲ್ಲಿ ಹಲವರಿಗೆ ಮದುವೆಗೆ ಮೊದಲು ತಮ್ಮ ವಯಸ್ಸಿನವರೊಂದಿಗೆ ಮಾಡಿದ ಏಕೈಕ ಪ್ರಯಾಣ ಅದಾಗಿತ್ತೆಂಬುದನ್ನು ನೆನೆದರೆ, ಅಲ್ಲಿ ಕೊಂಡ ಬಳೆ, ರಿಬ್ಬನ್, ಗೊಮ್ಮಟನ ಪುಟ್ಟ ಮೂರ್ತಿಗಳನ್ನು ಅವರು ದಶಕಗಳ ಕಾಲ ಕಾಪಿಟ್ಟುಕೊಂಡಿದ್ದರ ಅರ್ಥ ತಿಳಿಯುತ್ತದೆ.

ಪ್ರವಾಸದಿಂದ ಮರಳಿದ ಮೇಲೆ ವರ್ಷದ ಗತಿ ಬದಲಾಗುತ್ತದೆ. ಬೆಳಿಗ್ಗೆ, ಸಂಜೆ ವಿಶೇಷ ತರಗತಿಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಅನಂತರ ಸರಸ್ವತಿ ಪೂಜೆಯೊಂದಿಗೆ ಸೇರಿಕೊಂಡು ನಡೆಯುವ ಬೀಳ್ಕೊಡುಗೆ ಸಮಾರಂಭ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ನಾಡಿನ ಮೂಲೆ ಮೂಲೆಯಿಂದ ಜನ ಬರುವ ಶೃಂಗೇರಿಯ ಶಾರದಾಂಬೆಯ ಸನ್ನಿಧಿ ಹತ್ತಿರದಲ್ಲಿಯೇ ಇರುವುದರಿಂದ, ಪರೀಕ್ಷೆಗೆ ಮುನ್ನ ಪ್ರವೇಶಪತ್ರವನ್ನು ದೇವಿಯ ಮುಂದೆ ಇಟ್ಟು ಬರುವ ವಾಡಿಕೆಯೂ ಈ ಸೀಮೆಯಲ್ಲಿದೆ. ಬೀಳ್ಕೊಡುಗೆಯ ದಿನ ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ ಕೈಯಿಂದ ಕೈಗೆ ಹೋಗಿ, ಪ್ರತಿಯೊಬ್ಬರೂ ವಿಳಾಸ, ಹಾರೈಕೆ, ಪ್ರಾಸಬದ್ಧವಾದ ಎರಡು ಸಾಲುಗಳನ್ನು ಬರೆದುಕೊಡುತ್ತಿದ್ದರು. ತಮ್ಮೊಳಗೆ ಹಣ ಸೇರಿಸಿ ಶಾಲೆಗೆ ಗೋಡೆ ಗಡಿಯಾರ, ಬೀರು, ಕುರ್ಚಿ ಅಥವಾ ಧ್ವನಿವರ್ಧಕ ಕೊಡುವುದು ಇನ್ನೊಂದು ಪದ್ಧತಿ; ಇಂತಿಷ್ಟನೆಯ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ಕೊಡುಗೆ ಎಂದು ಅವುಗಳ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದುದರಿಂದ, ಹಳೆಯ ಶಾಲೆಗಳ ಪೀಠೋಪಕರಣಗಳು ಒಂದು ಬಗೆಯ ಶಾಸನಗಳಂತೆ ಕಾಲವನ್ನು ತಿಳಿಸುತ್ತವೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತ ಶಿಕ್ಷಕರು, ಹಿಂದೆ ಬೆಂಚು ಹತ್ತಿ ನಿಂತ ಮಕ್ಕಳು ಇರುವ ತರಗತಿಯ ಚಿತ್ರಗಳು ಮತ್ತು ದಾಖಲಾತಿ ಪುಸ್ತಕಗಳನ್ನು ಈ ಉಪಕರಣಗಳೊಂದಿಗೆ ಇಟ್ಟು ಅಭ್ಯಾಸ ಮಾಡಿದರೆ, ಯಾವ ಕಾಲದಲ್ಲಿ ಯಾವ ಸಮುದಾಯದ ಮಕ್ಕಳು, ಎಷ್ಟು ಹುಡುಗಿಯರು ಈ ತರಗತಿ ತಲುಪಿದರು ಎಂಬುದನ್ನು ಬಹುಮಟ್ಟಿಗೆ ಕಂಡುಕೊಳ್ಳಬಹುದು. ಮಲೆನಾಡಿನ ಥಂಡಿ ಮತ್ತು ಗೆದ್ದಲು ಈ ಸಾಮಗ್ರಿಯನ್ನು ವರ್ಷ ವರ್ಷವೂ ತಿನ್ನುತ್ತಿರುವುದರಿಂದ, ಅದನ್ನು ಉಳಿಸುವ ಕೆಲಸ ತಡವಾಗಬಾರದು.

ಫಲಿತಾಂಶ ಪತ್ರಿಕೆಗಳಲ್ಲಿ ನೋಂದಣಿ ಸಂಖ್ಯೆಗಳ ಪಟ್ಟಿಯಾಗಿ ಬರುತ್ತಿದ್ದ ಕಾಲದಲ್ಲಿ, ಪೇಟೆಯಿಂದ ಬರುವ ಬಸ್ಸಿಗಾಗಿ ಕಾಯುತ್ತಿದ್ದವರಿಗೆ ಅದೇ ಬಸ್ಸು ಮುಂದೆ ಊರು ಬಿಡುವ ದಾರಿಯೂ ಆಗುತ್ತಿತ್ತು. ಈ ಸೀಮೆಯ ಬಸ್ಸಿನ ಕಥೆಯೂ ಅಸಾಧಾರಣವಾದದ್ದು. ಮುಚ್ಚಿಹೋದ ಖಾಸಗಿ ಸಾರಿಗೆ ಸಂಸ್ಥೆಯೊಂದರ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ತಾವೇ ಮಾಲೀಕರಾಗಿ ಕಟ್ಟಿದ ಸಾರಿಗೆ ಸಹಕಾರ ಸಂಘ, ಜನರ ಬಾಯಲ್ಲಿ ಸಹಕಾರ ಸಾರಿಗೆ, ಒಳನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟು, ಸುಮಾರು ಮೂರು ದಶಕಗಳ ಕಾಲ ಹಲವು ತಲೆಮಾರುಗಳನ್ನು ಶಾಲೆ, ಕಾಲೇಜುಗಳಿಗೆ ತಲುಪಿಸಿತು. ಕೊಪ್ಪ ಪಟ್ಟಣಕ್ಕೆ ಹತ್ತಿರದ ಬಾಳಗಡಿಯಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜು ಇರುವುದರಿಂದ, ಪದವಿಯವರೆಗಿನ ಓದಿಗೂ ಮನೆಯಿಂದಲೇ ಹೋಗಿ ಬರುವುದು ಸಾಧ್ಯವಾದಾಗ ಈ ಬಸ್ಸುಗಳ ಮಹತ್ವ ಇನ್ನೂ ಹೆಚ್ಚಿತು. ಹೆಚ್ಚುತ್ತಿದ್ದ ಖರ್ಚನ್ನು ತಾಳಲಾರದೆ 2020ರ ಆರಂಭದಲ್ಲಿ ಅವು ನಿಂತವು. ಅದರ ಬೆನ್ನಿಗೇ ಕೊರೋನಾ ಬಂದು, ಮಾರ್ಚ್‌ನಲ್ಲಿ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಆರಂಭವಾಯಿತು. ಮರುವರ್ಷ ಇಡೀ ಪರೀಕ್ಷೆಯನ್ನು ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ, ಸರಿಯುತ್ತರ ಗುರುತಿಸುವ ಮಾದರಿಯಲ್ಲಿ ಮುಗಿಸಲಾಯಿತು. 2021ರ ಆ ತಂಡದ ಮಕ್ಕಳಿಗೆ ಪ್ರವಾಸವಾಗಲೀ ಎಂದಿನ ಬೀಳ್ಕೊಡುಗೆಯಾಗಲೀ ಸಿಗಲಿಲ್ಲ. 625 ಅಂಕಗಳ ಆ ಅಂಕಪಟ್ಟಿ ಹಿಡಿದು ಹೊರಟವರ ನಷ್ಟವನ್ನು ಶಿಕ್ಷಣದ ಚರಿತ್ರೆ ಬರೆಯುವವರು ಮರೆಯಬಾರದು.

ಈಚಿನ ವರ್ಷಗಳಲ್ಲಿ ಪ್ರವಾಸದ ಸ್ವರೂಪವನ್ನು ಇಲಾಖೆಯ ನಿಯಮಗಳು ಹೆಚ್ಚಾಗಿ ರೂಪಿಸುತ್ತಿವೆ. ಪೋಷಕರ ಲಿಖಿತ ಒಪ್ಪಿಗೆ, ಮೇಲಧಿಕಾರಿಗಳ ಪೂರ್ವಾನುಮತಿ, ಹುಡುಗಿಯರಿದ್ದರೆ ಶಿಕ್ಷಕಿಯರ ಹಾಜರಿ, ರಾತ್ರಿ ಪ್ರಯಾಣಕ್ಕೆ ತಡೆ ಇವೆಲ್ಲ ಅನಿವಾರ್ಯವಾಗಿವೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತ ದುರಂತದ ನಂತರ, ನೀರಿನ ಹತ್ತಿರದ ತಾಣಗಳೆಂದರೆ ಶಿಕ್ಷಕರಿಗೆ ಎದೆ ನಡುಗುವಂತಾಗಿದೆ. ಸಮುದ್ರವನ್ನೇ ಕಾಣದ ಮಲೆನಾಡಿನ ಮಗುವಿಗೆ ಕಡಲು ತೋರಿಸುವ ಆಸೆಗೂ ಜೀವದ ಹೊಣೆಗೂ ನಡುವೆ ಅವರು ಸಿಕ್ಕಿಕೊಂಡಿದ್ದಾರೆ. ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳ ಬಸ್ಸುಗಳು ಬೆಂಗಳೂರು, ಮೈಸೂರುಗಳ ನೀರಾಟದ ಉದ್ಯಾನಗಳ ಕಡೆಗೆ ತಿರುಗಿದರೆ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಗಳು ಹತ್ತಿರದ ಕುಪ್ಪಳಿಯ ಕವಿಮನೆ, ಕುಂದಾದ್ರಿ, ಕವಲೇದುರ್ಗ, ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟುಗಳಂತಹ ಒಂದು ದಿನದ ದಾರಿಗಳನ್ನು ಆರಿಸಿಕೊಳ್ಳುತ್ತಿವೆ. ಒಂದು ಬಸ್ಸು ತುಂಬುವಷ್ಟು ಮಕ್ಕಳಿಲ್ಲದ ಶಾಲೆಗೆ ಪ್ರತಿಯೊಬ್ಬರ ಪಾಲಿನ ಖರ್ಚು ಏರಿಬಿಡುವುದರಿಂದ, ನೆರೆಯ ಎರಡು ಶಾಲೆಗಳು ಕೂಡಿಕೊಂಡು ಒಂದೇ ಬಸ್ಸು ಗೊತ್ತುಮಾಡಿ, ಎರಡು ಹಾಜರಿ ಪುಸ್ತಕಗಳೊಂದಿಗೆ ಹೊರಡುವ ಏರ್ಪಾಡಿಗೆ ಅವು ಮೊರೆ ಹೋಗುತ್ತಿವೆ.